ಕುದುರೆ ಬಾಗಿಲು ಕಚ್ಚಿ ಗಾಳಿ ಎಳೆಯುತ್ತಿದ್ದರೆ: ಬೆಲ್ಟು ಬಿಗಿಯುವ ಮೊದಲು ಮೇವು ತೂಗಿ

ಪ್ರಶ್ನೆ: ದೊಡ್ಡಬಳ್ಳಾಪುರದ ಹತ್ತಿರ ನಮ್ಮ ತೋಟದಲ್ಲಿ ಎರಡು ಕುದುರೆಗಳಿವೆ. ಒಂದು ರೇಸ್‌ನಿಂದ ನಿವೃತ್ತಿಯಾದ 7 ವರ್ಷದ ಥರೋಬ್ರೆಡ್ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ), ತೂಕ ಸುಮಾರು 450 ಕೆ.ಜಿ. ಬಂದ ದಿನದಿಂದಲೂ ಲಾಯದ ಅರೆಬಾಗಿಲಿನ ಅಂಚನ್ನು ಹಲ್ಲಿನಿಂದ ಹಿಡಿದು, ಕತ್ತು ಬಿಗಿದು ‘ಗಕ್’ ಎಂದು ಸದ್ದು ಮಾಡುತ್ತದೆ. ಬೆಳಿಗ್ಗೆ 6ಕ್ಕೆ ಮತ್ತು ಸಂಜೆ 6ಕ್ಕೆ ಒಂದೊಂದು ಹೊತ್ತಿಗೆ ಒಂದೂವರೆ ಕೆ.ಜಿ. ಓಟ್ಸ್, ಅರ್ಧ ಕೆ.ಜಿ. ಹುರುಳಿ ಬೇಯಿಸಿದ್ದು, ಮೇಲೆ ಒಂದಿಷ್ಟು ಬೆಲ್ಲ ಕೊಡುತ್ತೇವೆ. ಒಣಹುಲ್ಲು ದಿನಕ್ಕೆ ಒಟ್ಟು 4 ಕೆ.ಜಿ. ಒಂದು ಗಂಟೆ ಸವಾರಿ, ಮಿಕ್ಕ ಹೊತ್ತೆಲ್ಲ ಲಾಯದಲ್ಲೇ. ‘ಕತ್ತಿಗೆ ಬೆಲ್ಟು ಬಿಗೀರಿ, ಇಲ್ಲಾಂದ್ರೆ ಹೊಟ್ಟೆಗೆ ಗಾಳಿ ತುಂಬಿ ಸತ್ತೋಗುತ್ತೆ, ಪಕ್ಕದ್ದೂ ಕಲಿಯುತ್ತೆ’ ಎನ್ನುತ್ತಾರೆ ಕುದುರೆ ನೋಡಿಕೊಳ್ಳುವವರು. ಪಕ್ಕದ ಲಾಯದಲ್ಲಿರುವುದು ಗಬ್ಬದ ಹೆಣ್ಣು ಕುದುರೆ. ಹುಟ್ಟುವ ಮರಿಗೂ ಈ ಚಾಳಿ ಬರುತ್ತದೆಯೇ? ಬೆಲ್ಟು ಕಟ್ಟಲೇ?

ಉತ್ತರ: ಬೆಲ್ಟು ಸದ್ಯಕ್ಕೆ ಬೇಡ. ನೀವು ಬರೆದ ಮೇವಿನ ಲೆಕ್ಕದಲ್ಲೇ ಅರ್ಧ ಉತ್ತರವಿದೆ, ಅದನ್ನು ಸರಿಮಾಡುವವರೆಗೆ ಬೆಲ್ಟು ಕಟ್ಟಿದರೆ ಕುದುರೆಗೆ ಸಂಕಟ ಹೆಚ್ಚುತ್ತದೆಯೇ ಹೊರತು ಕಾರಣ ಹೋಗುವುದಿಲ್ಲ.

ಮೊದಲು ನಿಮ್ಮ ಕುದುರೆ ಮಾಡುತ್ತಿರುವುದು ಕ್ರಿಬ್ಬಿಂಗೇ ಎಂದು ಖಚಿತಪಡಿಸಿಕೊಳ್ಳಿ. ಮುಂದಿನ ಹಲ್ಲುಗಳನ್ನು, ಹೆಚ್ಚಾಗಿ ಮೇಲಿನ ಸಾಲನ್ನು, ಗಟ್ಟಿ ಅಂಚಿಗೆ ಊರುತ್ತದೆ. ಕತ್ತಿನ ಕೆಳಭಾಗದ ಸ್ನಾಯುಗಳು ಹಗ್ಗದಂತೆ ಎದ್ದು ಕಾಣುತ್ತವೆ. ದೇಹವನ್ನು ಒಂದಿಷ್ಟು ಹಿಂದಕ್ಕೆ ಜಗ್ಗುತ್ತದೆ. ಆಗ ಗಂಟಲಲ್ಲಿ ಸದ್ದು ಬರುತ್ತದೆ. ಇಷ್ಟೂ ಇದ್ದರೆ ಅದು ಕ್ರಿಬ್ಬಿಂಗ್. ಏನನ್ನೂ ಕಚ್ಚದೆ ಬರೀ ಕತ್ತು ಬಿಗಿದು ಅದೇ ಸದ್ದು ಮಾಡಿದರೆ ವಿಂಡ್‌ಸಕಿಂಗ್ ಎನ್ನುತ್ತಾರೆ. ಮೂಲದಲ್ಲಿ ಎರಡೂ ಒಂದೇ. ಮರವನ್ನು ಕಡಿದು, ಅಗಿದು, ಸಿಪ್ಪೆ ಉದುರಿಸುವುದು ಮಾತ್ರ ಬೇರೆ ವಿಷಯ. ಅದರಲ್ಲಿ ಕತ್ತು ಬಿಗಿಯುವುದೂ ಇಲ್ಲ, ಸದ್ದೂ ಇಲ್ಲ. ನಾರು ಕಡಿಮೆಯಾದಾಗ ಮರ ಅಗಿಯುವುದು ಹೆಚ್ಚು, ಹುಲ್ಲು ಹೆಚ್ಚಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವು ಕುದುರೆಗಳಲ್ಲಿ ಮರ ಅಗಿಯುವುದು ಮುಂದೆ ಕ್ರಿಬ್ಬಿಂಗ್‌ಗೆ ತಿರುಗುವುದೂ ಉಂಟು, ಹಾಗಾಗಿ ಅದನ್ನೂ ಹಗುರವಾಗಿ ಕಾಣಬೇಡಿ.

ಗಾಳಿಯ ಭಯದ ಬಗ್ಗೆ. ಹಳೆಯ ನಂಬಿಕೆಯ ಪ್ರಕಾರ ಕುದುರೆ ಗಾಳಿಯನ್ನು ಹೊಟ್ಟೆಗೆ ನುಂಗುತ್ತದೆ. ಕ್ರಿಬ್ ಮಾಡುತ್ತಿರುವಾಗಲೇ ಎಕ್ಸ್‌ರೇ ಹಿಡಿದು ನೋಡಿದಾಗ ಕಂಡದ್ದು ಬೇರೆ. ಕತ್ತಿನ ಸ್ನಾಯುಗಳು ಧ್ವನಿಪೆಟ್ಟಿಗೆಯನ್ನು ಕೆಳಕ್ಕೆ ಎಳೆಯುತ್ತವೆ, ಅನ್ನನಾಳದ ಮೇಲ್ಭಾಗ ತೆರೆದು ಅಲ್ಲಿಗೆ ಗಾಳಿ ನುಗ್ಗುತ್ತದೆ, ಆ ನುಗ್ಗುವಿಕೆಯೇ ‘ಗಕ್’ ಎಂಬ ಸದ್ದು. ಒಳಬಂದ ಗಾಳಿಯ ಬಹುಪಾಲು ಮತ್ತೆ ಗಂಟಲಿಗೇ ವಾಪಸು ಹೋಗುತ್ತದೆ, ಜಠರಕ್ಕೆ ಇಳಿಯುವುದು ತೀರಾ ಕಡಿಮೆ. ಆದ್ದರಿಂದ ಗಾಳಿ ತುಂಬಿ ಹೊಟ್ಟೆ ಒಡೆಯುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ.

ಹಾಗೆಂದು ಹೊಟ್ಟೆನೋವಿಗೂ ಇದಕ್ಕೂ ನಂಟೇ ಇಲ್ಲ ಎಂದಲ್ಲ. ಯಕೃತ್ತಿನ ಬಳಿ ಎಪಿಪ್ಲೋಯಿಕ್ ಫೊರಾಮೆನ್ ಎಂಬ ಸಣ್ಣ ಸಂದು ಇದೆ. ಸಣ್ಣ ಕರುಳಿನ ಮಡಿಕೆ ಆ ಸಂದಿಗೆ ನುಗ್ಗಿ ಸಿಕ್ಕಿಕೊಂಡರೆ ರಕ್ತ ಸಂಚಾರ ನಿಂತು ಕರುಳು ಸಾಯತೊಡಗುತ್ತದೆ. ಆಮೇಲೆ ಶಸ್ತ್ರಚಿಕಿತ್ಸೆಯೊಂದೇ ದಾರಿ. ಈ ಬಗೆಯ ಹೊಟ್ಟೆನೋವು (ಕೋಲಿಕ್) ಕ್ರಿಬ್ ಮಾಡುವ ಕುದುರೆಗಳಲ್ಲಿ ಗಮನಾರ್ಹವಾಗಿ ಹೆಚ್ಚು ಎಂದು ಬ್ರಿಟನ್ನಿನ ಅಧ್ಯಯನಗಳು ತೋರಿಸಿವೆ. ಕ್ರಿಬ್ ಮಾಡುವ ಬಹುತೇಕ ಕುದುರೆಗಳಿಗೆ ಇದು ಯಾವತ್ತೂ ಆಗುವುದಿಲ್ಲ, ಆದರೆ ನಿಮ್ಮ ಕುದುರೆ ಹೊಟ್ಟೆನೋವಿನ ಸೂಚನೆ ಕೊಟ್ಟಾಗ ‘ಸ್ವಲ್ಪ ನೋಡೋಣ’ ಎಂದು ಕಾಯುವ ಅವಕಾಶ ಇತರ ಕುದುರೆಗಳಿಗಿಂತ ಕಡಿಮೆ. ಮುಂಗಾಲಿನಿಂದ ನೆಲ ಕೆರೆಯುವುದು, ತಿರುಗಿ ತಿರುಗಿ ಪಕ್ಕೆ ನೋಡುವುದು, ಮಲಗಿ ಏಳುವುದು, ಹೊರಳುವುದು, ಮೇವು ಬಿಡುವುದು, ಲದ್ದಿ ನಿಲ್ಲುವುದು ಕಂಡರೆ ಆಗಲೇ ವೈದ್ಯರಿಗೆ ಫೋನ್ ಮಾಡಿ. ದವಡೆಯ ಮೂಳೆಯ ಒಳಅಂಚಿನಲ್ಲಿ ಹಾದುಹೋಗುವ ರಕ್ತನಾಳಕ್ಕೆ ಬೆರಳಿಟ್ಟು ನಾಡಿ ಎಣಿಸುವುದನ್ನು ನೀವೂ ಕಲಿಯಿರಿ, ಕುದುರೆ ನೋಡಿಕೊಳ್ಳುವವರಿಗೂ ಕಲಿಸಿ. ಸುಮ್ಮನೆ ನಿಂತಿರುವಾಗ ನಿಮಿಷಕ್ಕೆ 28ರಿಂದ 40 ಸರಿ. 60 ದಾಟಿದ್ದರೆ, ಕುದುರೆ ಮೇಲ್ನೋಟಕ್ಕೆ ಶಾಂತವಾಗಿದ್ದರೂ ಅದು ತುರ್ತು.

ಈಗ ಮುಖ್ಯ ವಿಷಯ, ಮೇವು.

ಕುದುರೆಯ ಜಠರ ಗಾತ್ರದಲ್ಲಿ ಚಿಕ್ಕದು, 8ರಿಂದ 15 ಲೀಟರ್. ಆಮ್ಲ ಅದರಲ್ಲಿ ಹಗಲು ರಾತ್ರಿ ಸುರಿಯುತ್ತಲೇ ಇರುತ್ತದೆ, ಮೇವು ಇರಲಿ ಇಲ್ಲದಿರಲಿ. ಆ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಇರುವುದು ಜೊಲ್ಲಿನಲ್ಲಿ. ನಮ್ಮ ಬಾಯಲ್ಲಿ ಊಟದ ವಾಸನೆಗೇ ನೀರೂರುತ್ತದೆ. ಕುದುರೆಗೆ ಹಾಗಲ್ಲ, ಅಗಿದರೆ ಮಾತ್ರ ಜೊಲ್ಲು. ಒಂದು ಕೆ.ಜಿ. ಒಣಹುಲ್ಲು ತಿನ್ನಲು ಕುದುರೆಗೆ ಸುಮಾರು 40 ನಿಮಿಷ ಬೇಕು, 3,000ಕ್ಕೂ ಹೆಚ್ಚು ಸಲ ಅಗಿಯುತ್ತದೆ. ಒಂದು ಕೆ.ಜಿ. ಓಟ್ಸ್ ಹತ್ತೇ ನಿಮಿಷದಲ್ಲಿ ಖಾಲಿ, ಅಗಿತವೂ ಸಾವಿರದೊಳಗೆ.

ಈ ಲೆಕ್ಕವನ್ನು ನಿಮ್ಮ ಲಾಯಕ್ಕೆ ಹಾಕಿ. 4 ಕೆ.ಜಿ. ಹುಲ್ಲಿಗೆ 160 ನಿಮಿಷ, 4 ಕೆ.ಜಿ. ಕಾಳಿಗೆ 40 ನಿಮಿಷ, ಒಟ್ಟು 3 ಗಂಟೆ 20 ನಿಮಿಷ. ಬಯಲಲ್ಲಿ ಬಿಟ್ಟ ಕುದುರೆ ದಿನಕ್ಕೆ 15-16 ಗಂಟೆ ಮೇಯುತ್ತದೆ. ನಿಮ್ಮ ಕುದುರೆಯ ಸಂಜೆಯ ಹುಲ್ಲು ರಾತ್ರಿ 8ರ ಹೊತ್ತಿಗೆ ಮುಗಿದಿರುತ್ತದೆ. ಅಲ್ಲಿಂದ ಬೆಳಿಗ್ಗೆ 6ರವರೆಗೆ ಹತ್ತು ಗಂಟೆ ಅದರ ಬಾಯಿಗೆ ಕೆಲಸವಿಲ್ಲ, ಹೊಟ್ಟೆಯಲ್ಲಿ ಬರೀ ಆಮ್ಲ. 1995ರಲ್ಲಿ ಪ್ರಕಟವಾದ ಬ್ರಿಟನ್ನಿನ ಥರೋಬ್ರೆಡ್ ಲಾಯಗಳ ಸಮೀಕ್ಷೆಯೊಂದರಲ್ಲಿ, ದಿನಕ್ಕೆ 6.8 ಕೆ.ಜಿ.ಗಿಂತ ಕಡಿಮೆ ಹುಲ್ಲು ಸಿಗುವ ಕಡೆ ಇಂಥ ಅಸಹಜ ವರ್ತನೆಗಳು ಹೆಚ್ಚಿದ್ದವು. ನೀವು ಕೊಡುತ್ತಿರುವುದು ಅದಕ್ಕಿಂತಲೂ ಎಷ್ಟೋ ಕಡಿಮೆ.

ಕಾಳಿನ ಕಡೆ ಇದರ ತದ್ವಿರುದ್ಧ. ಜಠರದ ಹುಣ್ಣು ತಪ್ಪಿಸಲು ಪಾಲಿಸುವ ಮಿತಿ ಹೀಗಿದೆ: ಒಂದು ಹೊತ್ತಿಗೆ ದೇಹತೂಕದ ಪ್ರತಿ ಕೆ.ಜಿ.ಗೆ 1 ಗ್ರಾಂ, ದಿನಕ್ಕೆ 2 ಗ್ರಾಂ ಪಿಷ್ಟ ಮೀರಬಾರದು. 450 ಕೆ.ಜಿ.ಗೆ ಹೊತ್ತಿಗೆ 450 ಗ್ರಾಂ, ದಿನಕ್ಕೆ 900 ಗ್ರಾಂ. ಓಟ್ಸ್‌ನಲ್ಲಿ ಶೇ. 40ರ ಮೇಲೆ ಪಿಷ್ಟವಿದೆ, ಹುರುಳಿಯಲ್ಲಿ ಮೂರನೇ ಒಂದು ಪಾಲು. ನಿಮ್ಮ ಒಂದು ಹೊತ್ತಿನ ಬಕೆಟ್‌ನಲ್ಲಿ ಸುಮಾರು 800 ಗ್ರಾಂ, ದಿನಕ್ಕೆ 1,600 ಗ್ರಾಂ ಪಿಷ್ಟವಾಯಿತು. ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ರೇಸ್‌ಗೆ ತಯಾರಾಗುವ ಕುದುರೆಗೆ ಹಾಕುವ ಬಕೆಟ್ ಇದು. ದಿನಕ್ಕೆ ಒಂದು ಗಂಟೆ ಸವಾರಿ ಮಾಡುವ ಕುದುರೆಗೆ ಇದರ ಅಗತ್ಯವೇ ಇಲ್ಲ. ಮೆಕ್ಕೆಜೋಳ ಬೆರೆಸುವ ಯೋಚನೆಯಿದ್ದರೆ ಬಿಡಿ, ಅದರಲ್ಲಿ ಪಿಷ್ಟ ಶೇ. 65 ದಾಟುತ್ತದೆ.

ಬೆಲ್ಲವನ್ನು ಇವತ್ತಿನಿಂದಲೇ ನಿಲ್ಲಿಸಿ. ಸಿಹಿಯಾದ, ರುಚಿಕರವಾದ ಕಾಳು ತಿಂದ ಕೂಡಲೇ ಕ್ರಿಬ್ಬಿಂಗ್ ಏರುವುದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಬಕೆಟ್ ಖಾಲಿಯಾದ ಮೇಲಿನ ಅರ್ಧ ಗಂಟೆ ನಿಮ್ಮ ಕುದುರೆಯನ್ನು ದೂರದಿಂದ ನೋಡಿ: ಬಕೆಟ್ಟಿನ ತಳ ನೆಕ್ಕುತ್ತದೆ, ತಲೆ ಎತ್ತಿ ಬಾಗಿಲಿಗೆ ಬರುತ್ತದೆ, ಅಂಚನ್ನು ಒಂದೆರಡು ಸಲ ನೆಕ್ಕಿ ಹಲ್ಲು ಊರುತ್ತದೆ, ಮತ್ತೆ ಬಕೆಟ್ಟಿಗೆ ಹೋಗಿ ಬರುತ್ತದೆ. ಸವಾರಿಯ ನಂತರ ಕೈಯಲ್ಲಿ ಬೆಲ್ಲದ ತುಂಡು ಕೊಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಮೈ ಉಜ್ಜಿ, ಭುಜದ ಮೇಲೆ, ಜೂಲಿನ ಬುಡದಲ್ಲಿ ಕೆರೆದರೆ ಕುದುರೆಗೆ ಅದೇ ದೊಡ್ಡ ಬಹುಮಾನ.

ಹೊಸ ಮೇವು ಹೀಗಿರಲಿ. ಒಣಮೇವು ಒಟ್ಟು 9ರಿಂದ 10 ಕೆ.ಜಿ. ಇದು ದೇಹತೂಕದ ಶೇ. 2ರಷ್ಟು. ಅದರಲ್ಲಿ 7.5-8.5 ಕೆ.ಜಿ. ರೋಡ್ಸ್ ಹುಲ್ಲು ಅಥವಾ ಓಟ್ಸ್ ಹುಲ್ಲು, ಒಂದೂವರೆ ಕೆ.ಜಿ. ಒಣಗಿದ ಕುದುರೆ ಮಸಾಲೆ (ಲ್ಯೂಸರ್ನ್) ಸೊಪ್ಪು. ಕುದುರೆ ಮಸಾಲೆಯ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಆಮ್ಲವನ್ನು ತಣಿಸುತ್ತವೆ, ಅದಕ್ಕೇ ಅದು ಇಲ್ಲಿ ಬರೀ ಪೌಷ್ಟಿಕ ಮೇವಲ್ಲ. ಅರ್ಧ ಕೆ.ಜಿ.ಯನ್ನು ಸವಾರಿಗೆ ಅರ್ಧ ಗಂಟೆ ಮುಂಚೆ ಕೊಡಿ. ಖಾಲಿ ಹೊಟ್ಟೆಯಲ್ಲಿ ಓಡಿದಾಗ ಆಮ್ಲ ಮೇಲಕ್ಕೆ ಎರಚಿ, ಜಠರದ ಮೇಲ್ಭಾಗದ ಸೂಕ್ಷ್ಮ ಪದರ ಸುಡುತ್ತದೆ. ಕಾಳು ಹೊತ್ತಿಗೆ ಅರ್ಧ ಕೆ.ಜಿ. ಓಟ್ಸ್, 250 ಗ್ರಾಂ ಹುರುಳಿ ಸಾಕು. ಹುರುಳಿಯನ್ನು ಈಗ ಮಾಡುತ್ತಿರುವಂತೆ ಬೇಯಿಸಿಯೇ ಕೊಡಿ. ಇದರಲ್ಲಿ ಹೊತ್ತಿಗೆ 300 ಗ್ರಾಂ ಪಿಷ್ಟ, ಮಿತಿಯೊಳಗೆ ಆರಾಮವಾಗಿ ಇರುತ್ತದೆ. ದಿನಕ್ಕೆ 30 ಗ್ರಾಂ ಪುಡಿ ಉಪ್ಪು, ಬೇಸಿಗೆಯಲ್ಲಿ ಬೆವರು ಹೆಚ್ಚಾದರೆ 45 ಗ್ರಾಂ. ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣ, ಪೊಟ್ಟಣದ ಮೇಲಿನ ಅಳತೆಗೆ. ನೀರು ಸದಾ ಮುಂದಿರಲಿ. ಒಣಮೇವು ಹೆಚ್ಚಿಸಿದಾಗ ನೀರು ಸಾಲದಿದ್ದರೆ ಕರುಳಲ್ಲಿ ಮೇವು ಕಟ್ಟಿಕೊಳ್ಳುತ್ತದೆ. ದಿನಕ್ಕೆ 25ರಿಂದ 45 ಲೀಟರ್ ಕುಡಿಯುತ್ತದೆ ಎಂದು ಲೆಕ್ಕವಿಡಿ.

ಒಂದು ತಿಂಗಳ ನಂತರ ಪಕ್ಕೆಲುಬು ಕಣ್ಣಿಗೆ ಕಾಣತೊಡಗಿದರೆ ಕಾಳು ಏರಿಸಬೇಡಿ, ಎಣ್ಣೆ ಸೇರಿಸಿ. ಸೂರ್ಯಕಾಂತಿ ಎಣ್ಣೆಯಾದರೂ ಆದೀತು, ಸೋಯಾ ಎಣ್ಣೆಯಾದರೂ ಆದೀತು. ದಿನಕ್ಕೆ 50 ಮಿ.ಲೀ.ಯಿಂದ ಶುರುಮಾಡಿ, ಎರಡು ಮೂರು ವಾರಗಳಲ್ಲಿ 200 ಮಿ.ಲೀ.ವರೆಗೆ. ಲದ್ದಿ ಸಡಿಲವಾಗಿ ಜಿಡ್ಡು ಕಂಡರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಎಣ್ಣೆ ಕೊಡುವಾಗ ವಿಟಮಿನ್ ಇ ಬೇಕಾಗುತ್ತದೆ, ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಳ್ಳಿ.

ನಮ್ಮ ಕಡೆ ಸುಲಭವಾಗಿ ಸಿಗುವ ಮೇವುಗಳ ಬಗ್ಗೆ ಎಚ್ಚರ ಬೇಕು, ಏಕೆಂದರೆ ‘ಹುಲ್ಲು ಹೆಚ್ಚಿಸಿ’ ಎಂದ ಕೂಡಲೇ ಹಸುವಿನ ಮೇವನ್ನೇ ಕುದುರೆಗೂ ಹಾಕುವುದು ಸಾಮಾನ್ಯ. ನೇಪಿಯರ್ ಹುಲ್ಲಿನಲ್ಲಿ ಆಕ್ಸಲೇಟ್ ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಸುವಿನ ಮೆಲುಕು ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಒಡೆಯುತ್ತವೆ, ಕುದುರೆಗೆ ಆ ಅನುಕೂಲವಿಲ್ಲ. ತಿಂಗಳುಗಟ್ಟಲೆ ಅದೇ ಮುಖ್ಯ ಮೇವಾದರೆ ಮೂಳೆಯಿಂದ ಕ್ಯಾಲ್ಸಿಯಂ ಕರಗಿ ಮುಖದ ಮೂಳೆ ಊದಿಕೊಳ್ಳುವ ರೋಗ ಬರುತ್ತದೆ. ಗೋಧಿ ಬೂಸಾ ಬಕೆಟ್‌ಗಟ್ಟಲೆ ಕೊಟ್ಟರೂ ಅದೇ ಗತಿ, ಅದರಲ್ಲಿ ರಂಜಕ ವಿಪರೀತ. ಹಸಿ ಜೋಳದ ಮೇವಿನಿಂದ ಕುದುರೆಗೆ ಮೂತ್ರಕೋಶದ ಉರಿಯೂತ, ಹಿಂಗಾಲಿನ ತೂರಾಟ ಬರುವುದು ದಾಖಲಾಗಿದೆ, ಬೇಡವೇ ಬೇಡ. ರಾಗಿ ಹುಲ್ಲನ್ನು ಅಗಿಯುವ ಹೊತ್ತು ಹೆಚ್ಚಿಸಲು ಒಟ್ಟು ಒಣಮೇವಿನ ಕಾಲು ಭಾಗದವರೆಗೆ ಬೆರೆಸಬಹುದು, ಮೊದಲು ಒಂದು ಹಿಡಿ ಮೂಗಿಗೆ ಹಿಡಿದು ನೋಡಿ. ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು, ಹಾಕಬೇಡಿ. ಭತ್ತದ ಹುಲ್ಲು ಸತ್ವವೂ ಕಡಿಮೆ, ಕಟ್ಟಿಕೊಳ್ಳುವುದೂ ಹೆಚ್ಚು.

ಬದಲಾವಣೆ ಒಂದೇ ದಿನದಲ್ಲಿ ಮಾಡಬೇಡಿ, ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಎರಡು ವಾರ ಬೇಕು. ಎರಡು ದಿನಕ್ಕೊಮ್ಮೆ ಹುಲ್ಲು 1 ಕೆ.ಜಿ. ಏರಿಸಿ, ಕಾಳು ಒಟ್ಟು 400 ಗ್ರಾಂ ಇಳಿಸಿ. ಕೊಡುವ ಕ್ರಮವನ್ನೂ ಬದಲಿಸಿ. ಮೊದಲು ಹುಲ್ಲು, ಅರ್ಧ ಗಂಟೆ ಬಿಟ್ಟು ಕಾಳು, ಕಾಳಿನ ಜೊತೆ ಎರಡು ಹಿಡಿ ಕತ್ತರಿಸಿದ ಹುಲ್ಲು. ತುಂಡುಗಳು 2-3 ಸೆಂ.ಮೀ. ಇರಲಿ, ತೀರಾ ಸಣ್ಣಗಾದರೆ ಅಗಿಯದೆ ನುಂಗುತ್ತದೆ. ಹುಲ್ಲನ್ನು ನಾಲ್ಕು ಸಲ ಹಂಚಿ: ಬೆಳಿಗ್ಗೆ 6, ಮಧ್ಯಾಹ್ನ 12, ಸಂಜೆ 5, ರಾತ್ರಿ 9. ದೊಡ್ಡ ಪಾಲು, 4 ಕೆ.ಜಿ., ರಾತ್ರಿ 9ಕ್ಕೆ. ಮೇವಿಲ್ಲದ ಅವಧಿ ಒಮ್ಮೆಗೆ ನಾಲ್ಕೈದು ಗಂಟೆ ಮೀರದಂತೆ ನೋಡಿಕೊಳ್ಳುವುದೇ ಇಲ್ಲಿನ ಗುರಿ.

ರಾತ್ರಿಯ ಪಾಲನ್ನು 3-4 ಸೆಂ.ಮೀ. ಕಣ್ಣಿನ ಬಲೆಯಲ್ಲಿ ಕಟ್ಟಿ. ಹೊರತೆಗೆಯುವುದು ಕಷ್ಟವಾದಷ್ಟೂ ತಿನ್ನುವ ಹೊತ್ತು ಹೆಚ್ಚುತ್ತದೆ. ಬಲೆ ಖಾಲಿಯಾದಾಗ ಜೋತುಬಿದ್ದು ಕುದುರೆಯ ಗೊರಸಿಗೆ ಸಿಗುವಷ್ಟು ಕೆಳಗೆ ಇಳಿಯಬಾರದು; ಲಾಳ ಹೊಡೆದ ಗೊರಸು ಬಲೆಯ ಕಣ್ಣಿಗೆ ಸಿಕ್ಕಿಕೊಂಡು ಕಾಲು ಮುರಿದುಕೊಂಡ ಕುದುರೆಗಳಿವೆ. ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಬಲೆಯ ಜೊತೆ ನೆಲದ ಮೇಲೂ ಒಂದು ಹಿಡಿ ಹರಡಿ, ಮೊದಲ ವಾರ ಬಲೆಗೆ ಸಿಟ್ಟಾಗಿ ಕೆಲವು ಕುದುರೆಗಳು ತಿನ್ನುವುದನ್ನೇ ಬಿಡುತ್ತವೆ.

ಇಷ್ಟೇ ಮುಖ್ಯವಾದದ್ದು ಲಾಯದಿಂದ ಹೊರಗಿನ ಹೊತ್ತು. ದಿನದ 23 ಗಂಟೆ ನಾಲ್ಕು ಗೋಡೆಯ ನಡುವೆ ನಿಲ್ಲುವುದು ಕುದುರೆಯ ಮೈಗೂ ಮನಸ್ಸಿಗೂ ಒಗ್ಗದ ಬಾಳು. ತೋಟದಲ್ಲಿ ಬೇಲಿ ಹಾಕಿದ ಒಂದು ತುಂಡು ಜಾಗ ಮಾಡಿ ಕನಿಷ್ಠ 6ರಿಂದ 8 ಗಂಟೆ ಬಿಡಿ. ಹುಲ್ಲಿಲ್ಲದ ಮಣ್ಣಿನ ಜಾಗವಾದರೆ ಅಲ್ಲೇ ಎರಡು ಮೂರು ಕಡೆ ಒಣಹುಲ್ಲಿನ ರಾಶಿ ಹಾಕಿ, ಒಂದರಿಂದ ಇನ್ನೊಂದಕ್ಕೆ ನಡೆಯಲಿ. ಬೇಲಿಗೆ ಮುಳ್ಳುತಂತಿ ಬೇಡ. ನಿಮ್ಮ ಬಳಿ ಇನ್ನೊಂದು ಕುದುರೆ ಇರುವುದು ಅದೃಷ್ಟ. ಎರಡನ್ನೂ ಪಕ್ಕಪಕ್ಕದ ಬೇಲಿಯಲ್ಲಿ ಬಿಟ್ಟು, ಒಂದು ವಾರ ಮೂಗು ತಾಗಿಸಿ ಪರಿಚಯವಾದ ಮೇಲೆ, ಒದೆತ ಕಚ್ಚಾಟ ಇಲ್ಲವೆಂದು ಖಾತ್ರಿಯಾದರೆ ಒಟ್ಟಿಗೆ ಬಿಡಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಮಾತ್ರ ಹೆಣ್ಣು ಕುದುರೆಗೆ ಬೇಲಿಯ ಆಚೆ ಬೇರೆ ಜಾಗ ಕೊಡಿ, ಕಣ್ಣಿಗೆ ಕಾಣುವಂತಿರಲಿ.

‘ಪಕ್ಕದ್ದೂ ಕಲಿಯುತ್ತೆ’ ಎನ್ನುವ ಮಾತು ಪ್ರಪಂಚದ ಎಲ್ಲ ಲಾಯಗಳಲ್ಲೂ ಇದೆ. ನೋಡಿ ಕಲಿಯುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಒಂದೇ ಲಾಯದಲ್ಲಿ ಮೂರು ನಾಲ್ಕು ಕುದುರೆ ಕ್ರಿಬ್ ಮಾಡುತ್ತಿದ್ದರೆ, ಅವೆಲ್ಲಕ್ಕೂ ಅದೇ ಬಕೆಟ್, ಅದೇ ಕಡಿಮೆ ಹುಲ್ಲು, ಅದೇ ಮುಚ್ಚಿದ ಬಾಗಿಲು ಎಂಬುದನ್ನು ಮೊದಲು ನೋಡಬೇಕು. ರಕ್ತದಲ್ಲಿ ಬರುವ ಒಲವು ಮಾತ್ರ ನಿಜ. 2009ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ ಒಟ್ಟಾರೆ ಕುದುರೆಗಳಲ್ಲಿ ಶೇ. 4.4 ಕ್ರಿಬ್ ಮಾಡುತ್ತಿದ್ದರೆ, ಥರೋಬ್ರೆಡ್‌ಗಳಲ್ಲಿ ಅದು ಶೇ. 13.3. ಕಲಿಯುತ್ತವೆ ಎಂಬ ಭಯಕ್ಕೆ ಕ್ರಿಬ್ ಮಾಡುವ ಕುದುರೆಯನ್ನು ಮೂಲೆಯ ಲಾಯಕ್ಕೆ ತಳ್ಳಿ ಒಂಟಿ ಮಾಡುವುದು ಇದರಲ್ಲಿ ನಡೆಯುವ ದೊಡ್ಡ ಅನ್ಯಾಯ. ಒಂಟಿತನದಿಂದ ಚಾಳಿ ಬಲಿಯುತ್ತದೆ.

ಇನ್ನು ನಿಮ್ಮ ಪ್ರಶ್ನೆಯ ಬೆಲ್ಟು. ಗಂಟಲ ಸುತ್ತ ಕಟ್ಟುವ ಪಟ್ಟಿಯು ಕುದುರೆ ಕತ್ತು ಬಿಗಿದಾಗ ಒತ್ತಿ ನೋವು ಕೊಡುತ್ತದೆ, ಅದಕ್ಕೇ ಕುದುರೆ ನಿಲ್ಲಿಸುತ್ತದೆ. ಆದರೆ ಮಾಡಬೇಕೆಂಬ ತುಡಿತ ಹೋಗಿರುವುದಿಲ್ಲ. ತಡೆದಿಟ್ಟು ಬಿಟ್ಟ ಮೇಲೆ ಕುದುರೆಗಳು ಮೊದಲಿಗಿಂತ ಹೆಚ್ಚು ಕ್ರಿಬ್ ಮಾಡಿದ್ದನ್ನು ಪ್ರಯೋಗಗಳಲ್ಲಿ ಕಂಡಿದ್ದಾರೆ. ಈ ವರ್ತನೆಯ ಹಿಂದೆ ಹಿತದ ಅನುಭವ ಕೊಡುವ ಮೆದುಳಿನ ಎಂಡಾರ್ಫಿನ್, ಡೋಪಮೈನ್ ವ್ಯವಸ್ಥೆಗಳಿವೆ. ಮಾರ್ಫಿನ್‌ನಂಥ ವಸ್ತುಗಳ ಪರಿಣಾಮ ತಡೆಯುವ ಔಷಧಿ ಚುಚ್ಚಿದಾಗ ಕ್ರಿಬ್ಬಿಂಗ್ ಕೆಲಕಾಲ ನಿಲ್ಲುತ್ತದೆ ಎಂಬುದು 1980ರ ದಶಕದಲ್ಲೇ ಗೊತ್ತಾಗಿದೆ. ಪರಿಣಾಮ ಅಲ್ಪಕಾಲದ್ದು, ದಿನನಿತ್ಯಕ್ಕೆ ಆಗುವ ಔಷಧಿ ಅದಲ್ಲ. ವರ್ಷಗಳಿಂದ ಬೇರೂರಿದ ಚಾಳಿ ಪೂರ್ತಿ ಹೋಗುವುದು ಅಪರೂಪ ಎಂಬುದನ್ನು ಮೊದಲೇ ಒಪ್ಪಿಕೊಂಡರೆ ನಿಮಗೂ ನೆಮ್ಮದಿ, ಕುದುರೆಗೂ.

ಬೆಲ್ಟು ಬೇಕಾಗುವ ಸಂದರ್ಭಗಳೂ ಇವೆ. ಮೇವು ಮುಂದಿದ್ದರೂ ತಿನ್ನದೆ ಕ್ರಿಬ್ ಮಾಡುತ್ತಾ ಸೊರಗುತ್ತಿದ್ದರೆ, ಮೇಲಿನ ಹಲ್ಲು ಒಸಡಿನವರೆಗೆ ಸವೆಯುತ್ತಿದ್ದರೆ, ಕ್ರಿಬ್ಬಿಂಗ್ ಜೊತೆ ಕೋಲಿಕ್ ಮರುಕಳಿಸುತ್ತಿದ್ದರೆ, ವೈದ್ಯರೊಂದಿಗೆ ಮಾತಾಡಿ ದಿನದ ಕೆಲವು ಗಂಟೆ ಮಾತ್ರ ಬಳಸಬಹುದು. ಕಾಳು ತಿಂದ ನಂತರದ ಎರಡು ಗಂಟೆ, ಉದಾಹರಣೆಗೆ. ಪಟ್ಟಿ ಕಿವಿಯ ಹಿಂದೆ, ಗಂಟಲಿನ ಅತಿ ಸಪೂರ ಜಾಗದಲ್ಲಿ ಕೂರಬೇಕು. ತಲೆ ತಗ್ಗಿಸಿ ಮೇಯುವಾಗ ಒಂದು ಬೆರಳು ಸಲೀಸಾಗಿ ತೂರಬೇಕು. ಆಗಲೂ ಒತ್ತುತ್ತಿದ್ದರೆ ಅದು ಅತಿ ಬಿಗಿ. ಜೋರಾಗಿ ಎಳೆದರೆ ಕಿತ್ತು ಬರುವ ತುಂಡು ಅದರಲ್ಲಿರಬೇಕು, ಇಲ್ಲವಾದರೆ ಕೊಂಡಿಗೆ ಸಿಕ್ಕಿ ಕುದುರೆ ನೇಣು ಹಾಕಿಕೊಂಡಂತಾಗುತ್ತದೆ. ದಿನವೂ ಬಿಚ್ಚಿ ಕೂದಲು ಉದುರಿದೆಯೇ, ಚರ್ಮ ಕೆಂಪಾಗಿದೆಯೇ ನೋಡಿ, ಬೆವರು ಒರೆಸಿ. ಸವಾರಿಯಲ್ಲಿ ಕಡ್ಡಾಯವಾಗಿ ಬಿಚ್ಚಿ. ಒಳಗೆ ಮೊಳೆ ಇರುವ ಪಟ್ಟಿ, ವಿದ್ಯುತ್ ಶಾಕ್ ಕೊಡುವ ಪಟ್ಟಿ, ಹಲ್ಲಿನ ಸಂದಿಗೆ ತಂತಿಯ ಬಳೆ ಹಾಕುವುದು, ಹೊಡೆಯುವುದು ಇವೆಲ್ಲ ಹಿಂಸೆ, ಯಾರು ಹೇಳಿದರೂ ಒಪ್ಪಬೇಡಿ. ಕತ್ತಿನ ಸ್ನಾಯು ಮತ್ತು ನರ ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಇದೆ, ಸ್ವೀಡನ್ನಿನ ಪಶುವೈದ್ಯ ಫೋರ್ಸೆಲ್ 1920ರ ದಶಕದಲ್ಲಿ ರೂಪಿಸಿದ್ದರ ಸುಧಾರಿತ ರೂಪ. ಫಲ ಎಲ್ಲ ಕುದುರೆಗೂ ಒಂದೇ ರೀತಿ ಇಲ್ಲ. ನಿಮ್ಮ ಕುದುರೆಗೆ ಅದರ ಯೋಚನೆಯೂ ಬೇಕಿಲ್ಲ.

ಬೆಲ್ಟಿಗಿಂತ ಒಳ್ಳೆಯದು, ಕ್ರಿಬ್ ಮಾಡಲು ಒಂದು ಸುರಕ್ಷಿತ ಅಂಚು ಬಿಡುವುದು. ಅರೆಬಾಗಿಲಿನ ಮೇಲಂಚಿಗೆ ದಪ್ಪ ರಬ್ಬರ್ ಹೊದಿಸಿ, ಹಳೆಯ ಕನ್ವೇಯರ್ ಬೆಲ್ಟಿನ ತುಂಡು ಚೆನ್ನಾಗಿ ಬಾಳುತ್ತದೆ. ಎರಡು ಬದಿಗೂ ಒಂದು ಗೇಣು ಇಳಿಬಿಟ್ಟು, ಬೋಲ್ಟನ್ನು ಹಲ್ಲಿಗೆ ಸಿಗದಂತೆ ಹೊರಬದಿಯಲ್ಲಿ ಕೆಳಗೆ ಕೂರಿಸಿ, ಮೊಳೆ ಹೊಡೆಯಬೇಡಿ. ಕಬ್ಬಿಣದ ಅಂಚು ಕಚ್ಚಿದಾಗ ಸವೆಯುವುದಕ್ಕಿಂತ ರಬ್ಬರಿನ ಮೇಲೆ ಹಲ್ಲು ಎಷ್ಟೋ ನಿಧಾನ ಸವೆಯುತ್ತದೆ. ತಿಂಗಳಿಗೊಮ್ಮೆ ರಬ್ಬರ್ ಕಿತ್ತು ಬರುತ್ತಿದೆಯೇ ನೋಡಿ, ತುಂಡು ನುಂಗಿದರೆ ಕರುಳಿಗೆ ಅಡ್ಡ. ಬಾಗಿಲಿಗೆ ಸುಟ್ಟ ಎಂಜಿನ್ ಎಣ್ಣೆ ಬಳಿಯುವ ಪದ್ಧತಿ ಹಲವು ಕಡೆ ಇದೆ. ಅದು ವಿಷ, ನೆಕ್ಕಿ ಹೊಟ್ಟೆಗೆ ಹೋಗುತ್ತದೆ. ಮೆಣಸಿನ ಪುಡಿ, ಸೋಪು ಹಚ್ಚಿದರೆ ಕುದುರೆ ಇನ್ನೊಂದು ಅಂಚು ಹುಡುಕುತ್ತದೆ ಅಷ್ಟೆ.

ಮೇವು ಬದಲಿಸುವ ಮುನ್ನ ಮೂರು ದಿನ ಎಣಿಕೆ ಮಾಡಿ. ಬೆಳಿಗ್ಗೆ ಕಾಳಿನ ನಂತರ, ಮಧ್ಯಾಹ್ನ, ರಾತ್ರಿ 10ಕ್ಕೆ ಹತ್ತು ಹತ್ತು ನಿಮಿಷ ಫೋನನ್ನು ಗೋಡೆಗೆ ಒರಗಿಸಿ ವಿಡಿಯೊ ಹಿಡಿಯಿರಿ, ‘ಗಕ್’ ಸದ್ದು ಎಷ್ಟು ಸಲ ಬಂತು ಬರೆದಿಡಿ. ಮನುಷ್ಯರು ಎದುರಿಗಿದ್ದರೆ ಲೆಕ್ಕ ತಪ್ಪುತ್ತದೆ, ಬಕೆಟ್ ಬರುತ್ತದೆಂಬ ನಿರೀಕ್ಷೆಯಲ್ಲೇ ಕುದುರೆ ಬದಲಾಗುತ್ತದೆ. ನಾಲ್ಕು ವಾರಕ್ಕೆ, ಎಂಟು ವಾರಕ್ಕೆ ಅದೇ ಹೊತ್ತಿನಲ್ಲಿ ಮತ್ತೆ ಎಣಿಸಿ. ಎಂಟು ವಾರವಾದರೂ ಸಂಖ್ಯೆ ಇಳಿಯದಿದ್ದರೆ, ಜೊತೆಗೆ ಕಾಳು ಅರ್ಧಕ್ಕೆ ಬಿಡುವುದು, ಜೀನು ಬಿಗಿಯುವಾಗ ಕಚ್ಚಲು ಬರುವುದು, ಮೈ ಹೊಳಪು ಮಾಸುವುದು ಕಂಡರೆ ಜಠರದ ಹುಣ್ಣು ನೋಡಿಸಬೇಕು. 3 ಮೀಟರ್ ಉದ್ದದ ಎಂಡೋಸ್ಕೋಪ್ ಇದ್ದರೆ ಮಾತ್ರ ಒಳಗೆ ನೋಡಿ ಖಚಿತವಾಗಿ ಹೇಳಬಹುದು. ರೇಸ್ ಕುದುರೆಗಳನ್ನು ನೋಡುವ ವೈದ್ಯರನ್ನೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜನ್ನೋ ವಿಚಾರಿಸಿ. ಹುಣ್ಣಿದ್ದರೆ ಸಾಮಾನ್ಯವಾಗಿ ಕೊಡುವುದು ಒಮೆಪ್ರಜೋಲ್, ದೇಹತೂಕದ ಪ್ರತಿ ಕೆ.ಜಿ.ಗೆ 4 ಮಿ.ಗ್ರಾಂ, ದಿನಕ್ಕೊಮ್ಮೆ, 28 ದಿನ, ಬೆಳಿಗ್ಗೆ ಮೇವಿಗೆ ಮುಂಚೆ. ಕುದುರೆಗೆಂದು ತಯಾರಿಸಿದ್ದೇ ಆಗಬೇಕು. ಮನುಷ್ಯರ ಮಾತ್ರೆಯನ್ನು ಪುಡಿಮಾಡಿ ಹಾಕಿದರೆ ಜಠರದ ಆಮ್ಲವೇ ಔಷಧಿಯನ್ನು ಕೆಡಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ಶುರುಮಾಡಬೇಡಿ. ಹುಣ್ಣು ವಾಸಿಯಾದರೆ ಕ್ರಿಬ್ಬಿಂಗ್ ಖಂಡಿತ ನಿಲ್ಲುತ್ತದೆ ಎಂಬ ಭರವಸೆ ದೊಡ್ಡ ಕುದುರೆಗಳಲ್ಲಿ ಇಲ್ಲ, ಆದರೆ ನೋವು ಹೋಗುವುದೇನು ಸಣ್ಣ ಮಾತಲ್ಲ. ಹಲ್ಲನ್ನು ವರ್ಷಕ್ಕೆ ಎರಡು ಸಲ ತೋರಿಸಿ. ಮುಂದಿನ ಹಲ್ಲು ಸವೆದ ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳಿದರೆ ನಂಬಬೇಡಿ, ಹೆಚ್ಚೇ ಹೇಳುತ್ತಾರೆ.

ಕೊನೆಗೆ ಹುಟ್ಟಲಿರುವ ಮರಿ. ಇಲ್ಲಿ ನಿಮ್ಮ ಕೈಯಲ್ಲಿ ನಿಜವಾಗಿಯೂ ಬಹಳಷ್ಟಿದೆ, ಏಕೆಂದರೆ ಈ ಚಾಳಿ ಹುಟ್ಟುವುದೇ ತಾಯಿಹಾಲು ಬಿಡಿಸುವ ಆಸುಪಾಸಿನಲ್ಲಿ. ಬ್ರಿಟನ್ನಿನಲ್ಲಿ 225 ಮರಿಗಳನ್ನು ನಾಲ್ಕು ವರ್ಷ ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 10.5 ಮರಿಗಳು ಕ್ರಿಬ್ಬಿಂಗ್ ಕಲಿತವು. ಶುರುವಾದ ಮಧ್ಯಮ ವಯಸ್ಸು 20 ವಾರ. ಹಾಲು ಬಿಡಿಸಿದ ಕೂಡಲೇ ಕಾಳು ತಿನ್ನಿಸಿದ ಮರಿಗಳಲ್ಲಿ ಅದರ ಅಪಾಯ ನಾಲ್ಕು ಪಟ್ಟು. ಲಾಯದಲ್ಲಿ ಕೂಡಿಹಾಕಿ ಹಾಲು ಬಿಡಿಸಿದ ಮರಿಗಳಲ್ಲಿ ಅಸಹಜ ವರ್ತನೆಗಳು ಬಯಲಲ್ಲಿ ಬಿಡಿಸಿದವಕ್ಕಿಂತ ಹೆಚ್ಚು. ಕ್ರಿಬ್ ಮಾಡುತ್ತಿದ್ದ ಎಳೆಮರಿಗಳ ಜಠರದಲ್ಲಿ ಉರಿಯೂತ, ಹುಣ್ಣು ಕಂಡದ್ದೂ, ಆಮ್ಲ ತಣಿಸುವ ಆಹಾರದಿಂದ ಜಠರ ಸುಧಾರಿಸಿದ್ದೂ ದಾಖಲಾಗಿದೆ.

ಆದ್ದರಿಂದ ಮರಿಯನ್ನು 6 ತಿಂಗಳಿಗೆ ಮುಂಚೆ ತಾಯಿಯಿಂದ ಬಿಡಿಸಬೇಡಿ, ವೈದ್ಯಕೀಯ ಕಾರಣವಿದ್ದರೆ ಮಾತು ಬೇರೆ. ಬಿಡಿಸುವ ಹೊತ್ತಿಗೆ ಅದು ಒಣಹುಲ್ಲು, ಕುದುರೆ ಮಸಾಲೆ ಚೆನ್ನಾಗಿ ತಿನ್ನುತ್ತಿರಬೇಕು. ಒಂದು ದಿನ ಬೆಳಿಗ್ಗೆ ಎಳೆದುಕೊಂಡು ಹೋಗಿ ಕತ್ತಲ ಲಾಯಕ್ಕೆ ಹಾಕುವ ಬದಲು, ಪಕ್ಕಪಕ್ಕದ ಬೇಲಿಯಲ್ಲಿ ತಾಯಿ ಮರಿ ಒಂದನ್ನೊಂದು ನೋಡುವಂತೆ, ಮೂಗು ತಾಗುವಂತೆ, ಮೊಲೆ ಮಾತ್ರ ಸಿಗದಂತೆ ಒಂದು ವಾರ ಇಡಿ. ಆಮೇಲೆ ದೂರ ಮಾಡಿ. ಮರಿ ಒಂಟಿಯಾಗಬಾರದು. ನಿಮ್ಮ ಗೆಲ್ಡಿಂಗ್ ಶಾಂತ ಸ್ವಭಾವದ್ದಾದರೆ, ಕ್ರಿಬ್ ಮಾಡುತ್ತದೆಂಬ ಕಾರಣಕ್ಕೆ ಅದನ್ನು ದೂರವಿಡದೆ, ಅದನ್ನೇ ಮರಿಯ ಜೊತೆಗಾರನನ್ನಾಗಿ ಬಿಡಬಹುದು. ಮೊದಲ ಕೆಲವು ದಿನ ಎದುರಿಗೆ ನಿಂತು ನೋಡಿಕೊಳ್ಳಿ. ಬೆಳೆಯುವ ಮರಿಗೆ ಬೇಕಾದ ಪ್ರೋಟೀನ್, ಖನಿಜವನ್ನು ಕುದುರೆ ಮಸಾಲೆ ಮತ್ತು ಖನಿಜ ಮಿಶ್ರಣದಿಂದಲೇ ಆದಷ್ಟು ತುಂಬಿಸಿ, ಹಾಲು ಬಿಡಿಸಿದ ಮೇಲೆ ಕನಿಷ್ಠ ಎರಡು ತಿಂಗಳು ಕಾಳಿನ ಬಕೆಟ್ ಚಿಕ್ಕದಾಗಿರಲಿ. 4ರಿಂದ 9 ತಿಂಗಳ ನಡುವೆ ಮರಿ ಅಂಚುಗಳನ್ನು ನೆಕ್ಕುವುದು, ಮರ ಅಗಿಯುವುದು ಶುರುಮಾಡಿದರೆ ತಡಮಾಡದೆ ಕಾಳು ಇಳಿಸಿ, ಹೊರಗೆ ಬಿಡುವ ಹೊತ್ತು ಹೆಚ್ಚಿಸಿ, ವೈದ್ಯರಿಗೆ ಜಠರದ ವಿಷಯ ಹೇಳಿ.